ಹೋಗುವಾಗ ಎರಡು ತಾಸು, ಬರುವಾಗ ಐದು ತಾಸು?

ಪ್ರಶ್ನೆ: ಮಾಸ್ತರರೇ, ಮಗಳ ಬಾಣಂತನಕ್ಕೆ ಸೆಪ್ಟೆಂಬರ್‌ನಲ್ಲಿ ದುಬೈಗೆ ಹೊರಟಿದ್ದೇನೆ. ವಿಮಾನ ಹತ್ತುವುದು ಇದೇ ಮೊದಲು. ಅಳಿಯ ಕಳಿಸಿದ ಟಿಕೆಟ್ಟಿನಲ್ಲಿ ಮಂಗಳೂರು ಬಿಡುವುದು ಬೆಳಿಗ್ಗೆ 8ಕ್ಕೆ, ದುಬೈ ಮುಟ್ಟುವುದು 10.10ಕ್ಕೆ ಎಂದಿದೆ. ಡಿಸೆಂಬರ್‌ನಲ್ಲಿ ವಾಪಸ್ ಬರುವಾಗ ಮಧ್ಯಾಹ್ನ 12ಕ್ಕೆ ಹೊರಟರೆ ಮುಟ್ಟುವುದು ಸಂಜೆ 4.50ಕ್ಕೆ. ಬರುವ ವಿಮಾನ ಸುತ್ತು ಹಾಕುತ್ತದೆಯೇ? ಗೋವಾದಿಂದ ಹೋಗಿದ್ದರೆ ಹತ್ತಿರವಾಗುತ್ತಿತ್ತೇ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಸುತ್ತು ಏನೂ ಇಲ್ಲ ಅಕ್ಕ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತನ್ನು ಹೊರಡುವ ಊರಿನ ಗಡಿಯಾರದಂತೆ, ಮುಟ್ಟುವ ಹೊತ್ತನ್ನು ಮುಟ್ಟುವ ಊರಿನ ಗಡಿಯಾರದಂತೆ ಬರೆಯುತ್ತಾರೆ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ನೀವು ಅಲ್ಲಿ ಇಳಿಯುವ 10.10ಕ್ಕೆ ನಿಮ್ಮ ಮನೆಯ ಗೋಡೆ ಗಡಿಯಾರದಲ್ಲಿ 11.40 ಆಗಿರುತ್ತದೆ. ಅಂದರೆ 3 ತಾಸು 40 ನಿಮಿಷ. ಬರುವ ದಿನ ದುಬೈಯ 12 ಎಂದರೆ ನಮ್ಮ 1.30. ಅಲ್ಲಿಂದ 4.50ಕ್ಕೆ 3 ತಾಸು 20 ನಿಮಿಷ. ನಿಮಗೆ ಉದ್ದವಾಗಿ ಕಂಡ ಪ್ರಯಾಣವೇ ಗಿಡ್ಡದ್ದು! ಚಳಿಗಾಲದಲ್ಲಿ ಆ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಊರಿಗೆ ಬರುವ ವಿಮಾನವನ್ನು ಬೆನ್ನ ಹಿಂದಿನಿಂದ ನೂಕುತ್ತದೆ.

ಮಂಗಳೂರಿನಿಂದ ದುಬೈಗೆ ನೇರ ಗೆರೆ ಎಳೆದರೆ ಸುಮಾರು 2,450 ಕಿ.ಮೀ. ತಾಸಿಗೆ 800ರಿಂದ 900 ಕಿ.ಮೀ. ಹಾರುವ ವಿಮಾನಕ್ಕೆ ಅದು ಮೂರು ತಾಸಿನ ದಾರಿ. ಉಳಿದದ್ದು ರನ್‌ವೇವರೆಗೆ ಉರುಳುವುದಕ್ಕೆ, ಏರುವುದಕ್ಕೆ, ಇಳಿಯುವುದಕ್ಕೆ. ಟಿಕೆಟ್ಟಿನ ಹೊತ್ತಿನಲ್ಲಿ ಅವೂ ಸೇರಿರುತ್ತವೆ.

ನನಗೆ ಚಿಂತೆ ಇರುವುದು ಆಕಾಶದ ದಾರಿಯದ್ದಲ್ಲ, ನೆಲದ್ದು. ಹೊನ್ನಾವರದವರಿಗೆ ಮಂಗಳೂರಿನ ವಿಮಾನ ನಿಲ್ದಾಣವೂ ಗೋವಾದ ದಾಬೋಲಿಮೂ ಹೆಚ್ಚುಕಡಿಮೆ ಒಂದೇ ದೂರ, ಸುಮಾರು 180 ಕಿ.ಮೀ. ಆದರೆ ಗೋವಾದಲ್ಲೀಗ ಎರಡು ನಿಲ್ದಾಣಗಳಿವೆ. 2023ರ ಜನವರಿಯಲ್ಲಿ ವಿಮಾನ ಸಂಚಾರ ಶುರುವಾದ ಮೋಪಾ ಇರುವುದು ಗೋವಾದ ಉತ್ತರ ತುದಿಯ ಪೆಡ್ಣೆ ತಾಲ್ಲೂಕಿನಲ್ಲಿ. ಟಿಕೆಟ್ಟಿನಲ್ಲಿ ಜಿಒಐ ಎಂದಿದ್ದರೆ ದಾಬೋಲಿಮ್, ಜಿಒಎಕ್ಸ್ ಎಂದಿದ್ದರೆ ಮೋಪಾ. ಇದನ್ನು ನೋಡದೆ ಯಾರೂ ಕಾರು ಹತ್ತಬಾರದು. ಅಲ್ಲದೆ ಆ ಕಡೆ ಹೋಗಲು ಅಂಕೋಲೆಯ ಶಿರೂರು ದಾಟಬೇಕು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಮುಚ್ಚಿತ್ತು. ಮಳೆಗಾಲಕ್ಕೆ ಅಳಿಯ ಮಂಗಳೂರನ್ನು ಆರಿಸಿದ್ದು ಒಳ್ಳೆಯದೇ ಆಯಿತು.

ವಿದೇಶದ ವಿಮಾನಕ್ಕೆ ಮೂರು ತಾಸು ಮೊದಲೇ ಅಲ್ಲಿರಬೇಕು, ಅಂದರೆ ಬೆಳಿಗ್ಗೆ 5ಕ್ಕೆ. ಮಳೆಯಲ್ಲಿ ರಾತ್ರಿಯಿಡೀ ಕಾರಿನಲ್ಲಿ ಕೂರುವ ಬದಲು ಹಿಂದಿನ ದಿನವೇ ಹೋಗಿ ಮಂಗಳೂರಿನಲ್ಲಿ ತಂಗಿ. ರೈಲಿಗಾದರೆ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿಯನ್ನೇ ನೋಡಿ. ಆಗ ರೈಲುಗಳು ನಿಧಾನ, ಹೊತ್ತೂ ಬೇರೆ.

ನೀವು ಕೇಳದ ಒಂದು ಮಾತು. ಬಾಣಂತಿಗೆಂದು ಅಳ್ವಿ, ಒಣಶುಂಠಿ ಕಟ್ಟುವಾಗ ಗಸಗಸೆಯನ್ನು ಮಾತ್ರ ಸೇರಿಸಬೇಡಿ. ದುಬೈಯಲ್ಲಿ ಅದು ನಿಷಿದ್ಧ, ಒಂದು ಚಿಟಿಕೆ ಸಿಕ್ಕರೂ ಕಷ್ಟ. ಉಂಡೆಗೆ ಹಾಕಿ ಆಗಿದ್ದರೆ ಆ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬೇರೆ ಉಂಡೆ ಕಟ್ಟಿಕೊಳ್ಳಿ.