ಹಣ ಮುಗಿಯಿತು ಅಂದರೆ ಲೆಕ್ಕ ಕೇಳಿ

ಪ್ರಶ್ನೆ: ನನಗೆ 66 ವರ್ಷ. ಹೋದ ವರ್ಷ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಮಗನೇ ಕಾರು ಓಡಿಸುತ್ತಿದ್ದ. ಅಡ್ಡರಸ್ತೆಯಿಂದ ಕೆಂಪು ಸಿಗ್ನಲ್ ದಾಟಿ ಬಂದ ಕಾರೊಂದು ನಾನು ಕೂತಿದ್ದ ಕಡೆಗೇ ಗುದ್ದಿತು. ಸೊಂಟದ ಮೂಳೆ ಮುರಿಯಿತು, ಅದೇ ರಾತ್ರಿ ಆಪರೇಷನ್ ಆಯಿತು. ಈಗ ಊರಿಗೆ ಬಂದು ನಾಲ್ಕು ತಿಂಗಳು. ಮಗನ ಇನ್ಶೂರೆನ್ಸ್‌ನವರು 15,000 ಡಾಲರ್ ಕೊಟ್ಟು ‘ಪಿಐಪಿ ಮುಗಿಯಿತು’ ಅಂತ ಕಾಗದ ಕಳಿಸಿದ್ದಾರಂತೆ. ಸರ್ಜನ್ ಬಿಲ್ಲು, ಅರಿವಳಿಕೆ ಡಾಕ್ಟರ ಬಿಲ್ಲು, ಫಿಸಿಯೋಥೆರಪಿ ಬಿಲ್ಲು ಇನ್ನೂ ಬರುತ್ತಲೇ ಇವೆ. ಕೇಳಿದರೆ ಮಗ ಮಾತು ತಿರುಗಿಸುತ್ತಾನೆ. ನನ್ನಿಂದ ಅವನಿಗೆ ಸಾಲವಾಯಿತಾ?
– ಓದುಗರು, ಹಾಸನ

ಉತ್ತರ: ಅಮ್ಮಾ, ಮೊದಲು ಆ ಭಾರ ಇಳಿಸಿ. ನಿಮ್ಮಿಂದ ಏನೂ ಆಗಿಲ್ಲ. ಈ ಬಿಲ್ಲುಗಳಲ್ಲಿ ಜಾಸ್ತಿ ಪಾಲು ಬೇರೆಯವರು ಕೊಡಬೇಕಾದದ್ದು ಅಂತ ನನಗೆ ಅನ್ನಿಸುತ್ತದೆ.

ಪಿಐಪಿ ಅಂದರೆ ಪರ್ಸನಲ್ ಇಂಜುರಿ ಪ್ರೊಟೆಕ್ಷನ್. ತಪ್ಪು ಯಾರದ್ದೇ ಇರಲಿ, ನಿಮ್ಮ ಹಾಗೆ ಅಲ್ಲಿ ಸ್ವಂತ ಕಾರ್ ಪಾಲಿಸಿ ಇಲ್ಲದೆ ಕಾರಿನಲ್ಲಿದ್ದವರ ಚಿಕಿತ್ಸೆಯ ಖರ್ಚನ್ನು ಆ ಕಾರಿನ ಪಾಲಿಸಿಯೇ ಮೊದಲು ಕೊಡಬೇಕು. ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಇದರ ಮಿತಿ 2,50,000 ಡಾಲರ್. ಪ್ರೀಮಿಯಂ ಕಡಿಮೆಯಾಗಲಿ ಅಂತ 15,000ದವರೆಗೂ ಇಳಿಸಿಕೊಳ್ಳಬಹುದು. ನಿಮ್ಮ ಮಗ ಅದನ್ನೇ ಮಾಡಿದ್ದಾರೆ. ಹಾಗೆ ಮಾಡುವವರು ತುಂಬಾ ಜನ. ಅವರನ್ನು ಬಯ್ಯಬೇಡಿ.

ಆದರೆ ಅಲ್ಲಿನ ಕಾನೂನಿನಲ್ಲೇ ಒಂದು ಮಾತಿದೆ, ಮಗನಿಗೆ ಇದನ್ನು ಓದಿ ಹೇಳಿ. 15,000ದ ಪಾಲಿಸಿಯೇ ಇದ್ದರೂ ಮಿದುಳಿಗೆ ಅಥವಾ ಬೆನ್ನುಹುರಿಗೆ ಶಾಶ್ವತವಾದ ಇಲ್ಲವೇ ದೊಡ್ಡ ಪೆಟ್ಟು ಬಿದ್ದಿದ್ದರೆ 2,50,000ದವರೆಗೆ ಕೊಡಬೇಕು. ಅಷ್ಟೇ ಅಲ್ಲ, ಬೇರೆ ಯಾವುದೇ ದೊಡ್ಡ ಗಾಯಕ್ಕೂ ಅಪಘಾತವಾದ ಕೂಡಲೇ ಟ್ರಾಮಾ ಸೆಂಟರ್‌ನಲ್ಲೋ ಅಕ್ಯೂಟ್ ಕೇರ್ ಆಸ್ಪತ್ರೆಯಲ್ಲೋ ನಡೆದ ಚಿಕಿತ್ಸೆಗೆ, ರೋಗಿ ಸುಧಾರಿಸಿ ಮನೆಗೆ ಕಳಿಸಬಹುದು ಅಂತ ಡಾಕ್ಟರು ಹೇಳುವವರೆಗೆ, ಅದೇ ದೊಡ್ಡ ಮಿತಿ. ನಿಮ್ಮ ಆಪರೇಷನ್ ಅದೇ ರಾತ್ರಿ ಆದದ್ದು, ಅಲ್ವಾ? ಹಾಗಾದರೆ ಸರ್ಜನ್ ಬಿಲ್ಲನ್ನೂ ಅರಿವಳಿಕೆ ಬಿಲ್ಲನ್ನೂ ‘ಮುಗಿಯಿತು’ ಅಂತ ವಾಪಸ್ ಕಳಿಸಿದ್ದನ್ನು ಸುಮ್ನೆ ಒಪ್ಪಿಕೊಳ್ಳಬಾರದು. ಇದು ದೊಡ್ಡ ಗಾಯವೇ, ಚಿಕಿತ್ಸೆ ಆಗಲೇ ಆಗಬೇಕಿತ್ತು ಅಂತ ಸರ್ಜನ್ ಕೈಯಲ್ಲಿ ಪತ್ರ ಬರೆಸಿ, ಡಿಸ್ಚಾರ್ಜ್ ಕಾಗದ ಜೊತೆಗಿಟ್ಟು ಕಂಪನಿಗೆ ಅಪೀಲು ಹಾಕಬೇಕು. ಅವರು ಒಪ್ಪದಿದ್ದರೆ ಪಿಐಪಿ ಜಗಳಗಳಿಗೆಂದೇ ಅಲ್ಲಿ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಮಾನಿಸುವ ವ್ಯವಸ್ಥೆ, ಇದೆ.

ಜೊತೆಗೆ ಕಂಪನಿಯಿಂದ ಪೇಮೆಂಟ್ ಲೆಡ್ಜರ್ ಕೇಳಿಸಿ, ಅಂದರೆ ಯಾರಿಗೆ, ಯಾವುದಕ್ಕೆ, ಎಷ್ಟು ಕೊಟ್ಟರು ಅನ್ನುವ ಪಟ್ಟಿ. ಫೋನಿನಲ್ಲಿ ಬೇಡ, ಬರವಣಿಗೆಯಲ್ಲಿ. ನಾನು ಹಲವು ವರ್ಷ ಒಂದು ಕ್ಲಿನಿಕ್ಕಿನ ಬಿಲ್ಲಿಂಗ್ ನೋಡಿಕೊಂಡವಳು. ಒಮ್ಮೆ ಒಂದು ಲೆಡ್ಜರ್ ಕೈಗೆ ಬಂತು. ಒಂದೇ ದಿನದ ಒಂದೇ ಎಕ್ಸ್‌ರೇ, ಎರಡು ಸಾಲುಗಳಲ್ಲಿ, ಎರಡು ಚೆಕ್ ನಂಬರ್. ಅದರ ಕೆಳಗೆ ಪಕ್ಕದ ಸೀಟಿನಲ್ಲಿದ್ದ ಗಂಡನ ಆಂಬುಲೆನ್ಸ್ ಖರ್ಚು ಹೆಂಡತಿಯ ಖಾತೆಗೆ ಬಿದ್ದಿತ್ತು. ಪಿಐಪಿ ಮಿತಿ ತಲೆಗೆ ಇಷ್ಟು ಅಂತ, ಕಾರಿಗೆ ಇಷ್ಟು ಅಂತಲ್ಲ. ಎರಡೂ ತಪ್ಪು ತೆಗೆಸಿದ ಮೇಲೆ ‘ಮುಗಿದ’ ಹಣದಲ್ಲಿ ಇನ್ನಷ್ಟು ಉಳಿದಿತ್ತು! ಅದಕ್ಕೇ ಸಾಲು ಸಾಲು ಓದಿ ಅನ್ನುವುದು. ಇನ್ನೊಂದು, ಡಿಡಕ್ಟಿಬಲ್ (ಮೊದಲು ನೀವೇ ಕೈಯಿಂದ ಕೊಡಬೇಕಾದ ಮೊತ್ತ) ಕಳೆದ ಮೇಲೆ 5,000 ಡಾಲರ್‌ವರೆಗಿನ ಬಿಲ್ಲಿನಲ್ಲಿ ಶೇ. 20 ಪಾಲು ನಿಮ್ಮದೇ. ಅದು ಮಿತಿ ಮುಗಿದದ್ದರಿಂದ ಬಂದ ಬಾಕಿ ಅಲ್ಲ, ಬೆರೆಸಿಕೊಳ್ಳಬೇಡಿ.

ಇನ್ನು ಫಿಸಿಯೋಥೆರಪಿ. ಮನೆಗೆ ಬಂದ ಮೇಲಿನದ್ದು ಅಂದರೆ ಅದಕ್ಕೆ ಆ ದೊಡ್ಡ ಮಿತಿ ಸಿಗುವುದು ಕಷ್ಟ. ಅದನ್ನು ಗುದ್ದಿದ ಕಾರಿನವನ ಇನ್ಶೂರೆನ್ಸ್‌ನಿಂದ ಕೇಳಬೇಕು. 2019ರ ಮಾರ್ಚ್‌ನಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್, ಕಡಿಮೆ ಮಿತಿ ಆರಿಸಿಕೊಂಡವರು ಮಿಕ್ಕ ವೈದ್ಯಕೀಯ ಖರ್ಚನ್ನು ತಪ್ಪು ಮಾಡಿದವನಿಂದ ಕೇಳುವಂತಿಲ್ಲ ಅಂದುಬಿಟ್ಟಿತ್ತು. ಜನ ಕಂಗಾಲಾದರು. ಅದೇ ವರ್ಷ ಶಾಸನ ಸಭೆ ಕಾನೂನನ್ನೇ ಬದಲಿಸಿತು, ಆಗಸ್ಟ್ 1ರಂದು ಅದು ಜಾರಿಗೆ ಬಂತು. ಆಮೇಲಿನ ಅಪಘಾತಗಳಲ್ಲಿ ಕೇಳಬಹುದು, ಆದರೆ ಸರ್ಕಾರದ ದರಪಟ್ಟಿಯ ಲೆಕ್ಕದಲ್ಲಿ. ಹಳೆಯ ತೀರ್ಪನ್ನು ಹಿಡಿದು ಯಾರಾದರೂ ‘ಆಗಲ್ಲ’ ಅಂದರೆ ನಂಬಬೇಡಿ. ದಾವೆ ಹೂಡಲು ಅಪಘಾತದ ದಿನದಿಂದ ಎರಡು ವರ್ಷ. ಗಾಯದ ಕೇಸು ನೋಡುವ ವಕೀಲರು ಸಾಮಾನ್ಯವಾಗಿ ಹಣ ಬಂದರೆ ಮಾತ್ರ ಫೀಸು ತೆಗೆದುಕೊಳ್ಳುತ್ತಾರೆ. ಎಲ್ಲ ಬಿಲ್ಲು ಕೈಗೆ ಬರುವ ತನಕ ಆ ಕಡೆಯ ಕಂಪನಿ ಕೊಡುವ ಸೆಟ್ಲ್‌ಮೆಂಟ್ ಕಾಗದಕ್ಕೆ ಸಹಿ ಮಾತ್ರ ಬೇಡ.

ಹೊರಡುವಾಗ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದಿರಾ? ಆ ಪಾಲಿಸಿ ಹುಡುಕಿ. ಪಿಐಪಿ ಮುಗಿದ ಪತ್ರವನ್ನು ಜೊತೆಗಿಟ್ಟು ಅವರನ್ನೂ ಕೇಳಿ. ಮತ್ತು ಮಗನಿಗೆ ಹೇಳಿ, ಬಿಲ್ಲಿನವರು ಫೋನ್ ಮಾಡಿದ ಗಾಬರಿಗೆ ಕ್ರೆಡಿಟ್ ಕಾರ್ಡ್ ಉಜ್ಜುವುದು ಬೇಡ. ‘ಅಪೀಲು ನಡೆಯುತ್ತಿದೆ, ಕಲೆಕ್ಷನ್‌ಗೆ (ಸಾಲ ವಸೂಲಿಯವರಿಗೆ) ಕಳಿಸಬೇಡಿ’ ಅಂತ ಒಂದು ಪತ್ರ ಸಾಕು.

ಪ್ರಶ್ನೆ: ಫ್ಲೋರಿಡಾದ ಟ್ಯಾಂಪಾದಲ್ಲಿದ್ದೇನೆ. ಪಿಐಪಿ 10,000 ಡಾಲರ್ ಅಂತ ಪಾಲಿಸಿಯಲ್ಲಿದೆ. ಅಪಘಾತದ ಮೂರನೇ ದಿನ ಕತ್ತು ನೋವಿಗೆ ಕೈರೋಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು) ಹತ್ತಿರ ಹೋದೆ. 2,500ಕ್ಕೇ ಮುಗಿಯಿತು ಅನ್ನುತ್ತಿದ್ದಾರೆ. ಇದು ಮೋಸ ಅಲ್ವಾ?
– ಓದುಗರು, ಟ್ಯಾಂಪಾ

ಉತ್ತರ: ಮೋಸ ಅಲ್ಲ, ಅಲ್ಲಿನ ಕಾನೂನೇ ಹಾಗಿದೆ. 14 ದಿನದೊಳಗೆ ಚಿಕಿತ್ಸೆಗೆ ಹೋದಿರಿ, ಅದು ಒಳ್ಳೆಯದಾಯಿತು. ಇಲ್ಲದಿದ್ದರೆ ಏನೂ ಸಿಗುತ್ತಿರಲಿಲ್ಲ. ಆದರೆ ಪೂರ್ತಿ 10,000 ಸಿಗಬೇಕಾದರೆ ‘ಇದು ಎಮರ್ಜೆನ್ಸಿ ಸ್ಥಿತಿ’ ಅಂತ ಬರೆದುಕೊಟ್ಟಿರಬೇಕು. ಕೈರೋಪ್ರಾಕ್ಟರ್ ಬರೆದರೆ ನಡೆಯುವುದಿಲ್ಲ. ಎಂ.ಡಿ. ಡಾಕ್ಟರ್, ಫಿಸಿಷಿಯನ್ ಅಸಿಸ್ಟೆಂಟ್, ಉನ್ನತ ದರ್ಜೆಯ ನರ್ಸ್, ಇಂಥವರು ಬರೆಯಬೇಕು. ನಿಮ್ಮ ನೋವು ಅಷ್ಟು ತೀವ್ರವಾಗಿದ್ದರೆ ಈ ವಾರವೇ ಡಾಕ್ಟರರಿಗೆ ತೋರಿಸಿ. ಹೋಗುವಾಗ ಕೈರೋಪ್ರಾಕ್ಟರ್ ಬರೆದ ಮೊದಲ ದಿನದ ನೋಟ್ಸ್ ಕೈಯಲ್ಲಿರಲಿ.