ತಾಯಿಗೆ ಹಾಕಿದ ಮೇಲೂ ಮಗುವಿಗೇಕೆ?

ಓದುಗರೊಬ್ಬರ ಪತ್ರದ ಸಾರ: "ಬಸುರಿಯರಿಗೆ ನಾಯಿಕೆಮ್ಮಿನ ಲಸಿಕೆ ಹಾಕಿದರೆ ಹುಟ್ಟುವ ಮಗುವಿಗೆ ರಕ್ಷಣೆ ಸಿಗುತ್ತದೆ ಎಂದು ಕಳೆದ ಸಂಚಿಕೆಯ ಲೇಖನ ಹೇಳಿತು. ತಾಯಿಯ ಪ್ರತಿಕಾಯಗಳು ಮಗುವಿನ ಲಸಿಕೆಯ ಪರಿಣಾಮವನ್ನು ತಗ್ಗಿಸುತ್ತವೆ ಎಂಬ ಮಾತೂ ಅದರಲ್ಲೇ ಇತ್ತು. ಇದರಲ್ಲಿ ಯಾವುದನ್ನು ನಂಬಬೇಕು? ನನ್ನ ಪತ್ನಿಗೆ ಈಗ 29ನೇ ವಾರ. ಎರಡು ವರ್ಷದ ಹಿಂದೆ, ಮೊದಲ ಬಸಿರಿನಲ್ಲಿ, ಇದೇ ಲಸಿಕೆ ಹಾಕಿಸಿಕೊಂಡಿದ್ದಾಳೆ. ಮತ್ತೆ ಬೇಕೆ? ಅದೂ ಅಲ್ಲದೆ, ಗರ್ಭಿಣಿಯರಿಗೆ ಇದು ಸುರಕ್ಷಿತ ಎಂದು ಹೇಗೆ ಕಂಡುಕೊಂಡರು?"

ಮಾನ್ಯರೇ,

ಎರಡೂ ನಿಜ, ಎರಡನ್ನೂ ಒಟ್ಟಿಗೇ ನಂಬಬೇಕು. ಲಸಿಕೆ ಕಾರ್ಡಿನಲ್ಲಿ ಬರೆದಿರುವ ವಾರಗಳೂ ತಿಂಗಳುಗಳೂ ಈ ಎರಡು ಸತ್ಯಗಳ ಎಳೆದಾಟದಲ್ಲೇ ಗೊತ್ತಾದವು.

ಮೊದಲು ತಾಯಿಯ ಕಡೆಯಿಂದ ನೋಡೋಣ. ಮಾಸನ್ನು ದಾಟಿ ಕೂಸಿಗೆ ತಲುಪುವುದು ಐಜಿಜಿ ಎಂಬ ಒಂದೇ ಬಗೆಯ ಪ್ರತಿಕಾಯ. ಅದು ತಾನಾಗಿ ಸೋರಿ ಹೋಗುವುದಿಲ್ಲ. ಮಾಸಿನ ಜೀವಕೋಶಗಳಲ್ಲಿರುವ ಎಫ್‌ಸಿಆರ್‌ಎನ್ ಎಂಬ ಗ್ರಾಹಕ ಅದನ್ನು ಹಿಡಿದು ಆಚೆ ದಾಟಿಸುತ್ತದೆ. ಈ ಕೆಲಸ ಸುಮಾರು 13ನೇ ವಾರಕ್ಕೆ ಶುರುವಾಗುತ್ತದೆ. 17ರಿಂದ 22ನೇ ವಾರದಲ್ಲಿ ಕೂಸಿನ ರಕ್ತದಲ್ಲಿರುವುದು ತಾಯಿಯ ಮಟ್ಟದ ಹತ್ತನೇ ಒಂದು ಪಾಲು. 28ರಿಂದ 32ನೇ ವಾರದ ಹೊತ್ತಿಗೆ ಅರ್ಧದಷ್ಟಾಗುತ್ತದೆ, ದಿನ ತುಂಬಿದಾಗ ತಾಯಿಯದನ್ನೂ ಮೀರುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗು ಕಡಿಮೆ ಪ್ರತಿಕಾಯ ಹೊತ್ತು ಬರುವುದು ಈ ಕಾರಣಕ್ಕೆ.

ಹುಟ್ಟಿದೊಡನೆ ಈ ಹರಿವು ನಿಲ್ಲುತ್ತದೆ. ಬಂದದ್ದು ಅಮ್ಮನ ಕೈಗಡ, ಮಗುವಿನ ಸ್ವಂತ ಸಂಪಾದನೆಯಲ್ಲ. ನಾಲ್ಕರಿಂದ ಆರು ವಾರಕ್ಕೊಮ್ಮೆ ಅದು ಅರ್ಧರ್ಧ ಕರಗುತ್ತದೆ. ಪ್ರತಿಕಾಯ ತಯಾರಿಸುವ ನೆನಪಿನ ಕೋಶಗಳು ಮಗುವಿಗೆ ಬಂದಿರುವುದಿಲ್ಲವಾದ್ದರಿಂದ, ಕರಗಿದ ಮೇಲೆ ಮತ್ತೆ ತುಂಬಿಕೊಳ್ಳಲು ದಾರಿಯಿಲ್ಲ. ಮಗುವಿಗೆ ಪ್ರತ್ಯೇಕ ಲಸಿಕೆ ಬೇಕಾಗಿರುವುದು ಇದಕ್ಕೇ.

ಹಾಗಾದರೆ ಮಗುವಿಗೆ ಹಾಕುವುದೊಂದೇ ಸಾಲದೆ? ನಾಯಿಕೆಮ್ಮಿನಲ್ಲಿ ಸಾಲದು. ಮಗುವಿನ ಮೊದಲ ಡೋಸ್ ಬೀಳುವುದು ಆರರಿಂದ ಎಂಟು ವಾರಕ್ಕೆ, ಆ ಒಂದು ಡೋಸಿನಿಂದ ಪೂರ್ಣ ರಕ್ಷಣೆ ಸಿಗದು. ಈ ರೋಗದಿಂದ ಸಾಯುವ ಶಿಶುಗಳಲ್ಲಿ ಹೆಚ್ಚಿನವು ಮೂರು ತಿಂಗಳೊಳಗಿನವು. ಇಂಗ್ಲೆಂಡಿನಲ್ಲಿ 2012ರಲ್ಲಿ ನಾಯಿಕೆಮ್ಮು ಉಲ್ಬಣಿಸಿ 14 ಶಿಶುಗಳು ತೀರಿಕೊಂಡವು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿ ಗರ್ಭಿಣಿಯರಿಗೆ ಲಸಿಕೆ ಆರಂಭವಾಯಿತು. 2014ರಲ್ಲಿ ಪ್ರಕಟವಾದ ಲೆಕ್ಕದಂತೆ, ಹೆರಿಗೆಗೆ ಕನಿಷ್ಠ ಒಂದು ವಾರ ಮೊದಲು ಲಸಿಕೆ ಪಡೆದ ತಾಯಂದಿರ ಮಕ್ಕಳಲ್ಲಿ, ಮೂರು ತಿಂಗಳೊಳಗಿನ ನಾಯಿಕೆಮ್ಮಿನ ವಿರುದ್ಧ ಅದು ಶೇ. 91ರಷ್ಟು ಪರಿಣಾಮಕಾರಿಯಾಗಿತ್ತು. ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ಹಾಕಿಸಿಕೊಂಡವರಲ್ಲಿ ಲಾಭ ಇಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ತಾಯಿಯ ದೇಹದಲ್ಲಿ ಪ್ರತಿಕಾಯ ಏರಲು ಸುಮಾರು ಎರಡು ವಾರ ಬೇಕು, ಅದು ಮಾಸನ್ನು ದಾಟಿ ಕೂಡಿಕೊಳ್ಳಲು ಇನ್ನೂ ಕಾಲ ಬೇಕು.

ಸರಿಯಾದ ವಾರ ಯಾವುದು ಎಂಬಲ್ಲಿ ದೇಶಗಳೇ ಭಿನ್ನ. ಅಮೆರಿಕದಲ್ಲಿ 27ರಿಂದ 36ನೇ ವಾರ. ಬ್ರಿಟನ್ 2016ರಲ್ಲಿ ಇದನ್ನು 16ನೇ ವಾರಕ್ಕೇ ತಂದಿತು. ಎರಡನೇ ತ್ರೈಮಾಸಿಕದಲ್ಲಿ ಹಾಕಿದಾಗ ಹೊಕ್ಕುಳಬಳ್ಳಿಯ ರಕ್ತದಲ್ಲಿ ಪ್ರತಿಕಾಯ ಹೆಚ್ಚು ಸಿಕ್ಕಿತೆಂದು ಸ್ವಿಟ್ಜರ್ಲೆಂಡಿನ ಅಧ್ಯಯನವೊಂದು ತೋರಿಸಿತ್ತು. ತಾಯಿಯ ಗರಿಷ್ಠ ಮಟ್ಟ ಹೆರಿಗೆಯ ಹೊತ್ತಿಗೆ ಇಳಿದಿದ್ದರೂ ಸಾಗಿಸಲು ಸಿಗುವ ವಾರಗಳು ಹೆಚ್ಚು. ಅವಧಿಪೂರ್ವ ಹೆರಿಗೆಯಾದರೂ ಮಗು ಬರಿಗೈಯಲ್ಲಿ ಬರುವುದಿಲ್ಲ ಎಂಬ ಲಾಭವೂ ಇದೆ. ನಮ್ಮ ಅಭಿಪ್ರಾಯದಲ್ಲಿ ಈ ವಾದ ಗಟ್ಟಿ.

ಇನ್ನು ನಿಮ್ಮನ್ನು ಗೊಂದಲಕ್ಕೆ ತಳ್ಳಿದ ಸಂಗತಿ. ಮಗುವಿನ ರಕ್ತದಲ್ಲಿ ಅಮ್ಮನ ಪ್ರತಿಕಾಯ ಸಾಕಷ್ಟಿದ್ದಾಗ ಲಸಿಕೆ ಹಾಕಿದರೆ, ಆ ಪ್ರತಿಕಾಯಗಳು ಲಸಿಕೆಯ ಅಂಶಗಳಿಗೆ ಅಂಟಿಕೊಂಡು ಅವನ್ನು ಮಗುವಿನ ಬಿ ಕೋಶಗಳಿಂದ, ಅಂದರೆ ಪ್ರತಿಕಾಯ ತಯಾರಿಸುವ ಕೋಶಗಳಿಂದ, ಮರೆಮಾಡುತ್ತವೆ. ಹೀಗಾಗಿ ಮೊದಲ ಮೂರು ಡೋಸುಗಳ ನಂತರ ಅಳೆದರೆ ಈ ಮಕ್ಕಳಲ್ಲಿ ಪ್ರತಿಕಾಯ ತುಸು ಕಡಿಮೆ. ಆದರೆ ಆ ಬಿ ಕೋಶಗಳಿಗೆ ನೆರವಾಗುವ ಟಿ ಕೋಶಗಳ ತರಬೇತಿಗೆ ಇದರಿಂದ ಅಷ್ಟಾಗಿ ಅಡ್ಡಿಯಿಲ್ಲ. ಎರಡನೇ ವರ್ಷದ ಬೂಸ್ಟರ್ ಹಾಕಿದಾಗ ಅಂತರ ಬಹುಮಟ್ಟಿಗೆ ಕಿರಿದಾಗುತ್ತದೆ. ತೂಗಿ ನೋಡಿ: ಒಂದು ಕಡೆ ಸಾವಿನ ಅಪಾಯ ಹೆಚ್ಚಿರುವ ಮೊದಲ ಮೂರು ತಿಂಗಳ ರಕ್ಷಣೆ, ಇನ್ನೊಂದು ಕಡೆ ಕೆಲವು ತಿಂಗಳು ತಗ್ಗಿದ ಪ್ರತಿಕಾಯ ಮಟ್ಟ. ತಾಯಿ ಲಸಿಕೆ ಪಡೆದಿದ್ದರೆ ಮಗುವಿನ ಬೂಸ್ಟರ್ ತಪ್ಪಿಸುವಂತೆಯೇ ಇಲ್ಲ ಎಂಬುದು ಇದರಿಂದ ಹೊರಡುವ ಕೆಲಸದ ಮಾತು.

ಈ ಅಡ್ಡಿ ತೀವ್ರವಾಗಿ ಕಾಣುವುದು ದಡಾರದಲ್ಲಿ. ಅದು ಜೀವಂತ ಲಸಿಕೆ. ದುರ್ಬಲಗೊಳಿಸಿದ ವೈರಸ್ ಮಗುವಿನ ದೇಹದಲ್ಲಿ ಬೆಳೆದರಷ್ಟೇ ಕೆಲಸ ಮಾಡುತ್ತದೆ. ಅಮ್ಮನ ಪ್ರತಿಕಾಯ ಉಳಿದಿದ್ದರೆ ಬೆಳೆಯುವ ಮೊದಲೇ ಅದನ್ನು ನಿಷ್ಕ್ರಿಯಗೊಳಿಸುತ್ತದೆ. 9 ತಿಂಗಳಿಗೆ ಹಾಕಿದರೆ ಸುಮಾರು ಶೇ. 85 ಮಕ್ಕಳಲ್ಲಿ ಫಲ ಸಿಗುತ್ತದೆ, 12 ತಿಂಗಳಿಗೆ ಶೇ. 95ರಲ್ಲಿ. ರೋಗ ಹರಡಿರುವ ಕಡೆ 12ರವರೆಗೆ ಕಾಯುವುದು ಅಪಾಯ, ಆದ್ದರಿಂದ ಅಲ್ಲಿ 9ಕ್ಕೆ ಹಾಕಿ ಎರಡನೇ ಡೋಸ್ ಕಡ್ಡಾಯವಾಗಿ ಕೊಡುತ್ತಾರೆ. ರೋಗ ಸ್ಫೋಟಗೊಂಡಾಗ 6 ತಿಂಗಳಿಗೇ ಹಾಕುವುದುಂಟು, ಆದರೆ ಅದನ್ನು ಡೋಸುಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಮ್ಮನ ಪ್ರತಿಕಾಯವನ್ನು ಬಲವಂತವಾಗಿ ಮೀರಲು 1980ರ ದಶಕದಲ್ಲಿ ಒಂದು ಪ್ರಯತ್ನ ನಡೆಯಿತು. ವೈರಸ್ ಪ್ರಮಾಣವನ್ನು ಬಹಳ ಏರಿಸಿದ ದಡಾರ ಲಸಿಕೆಯನ್ನು 6 ತಿಂಗಳಿಗೇ ಕೊಡಬಹುದೆಂದು ಪ್ರಯೋಗಗಳು ಸೂಚಿಸಿದವು. ಪ್ರತಿಕಾಯವೇನೋ ಚೆನ್ನಾಗಿ ಬಂತು. ಆದರೆ ಗಿನಿ ಬಿಸಾವು, ಸೆನೆಗಲ್‌ಗಳಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಅದನ್ನು ಪಡೆದ ಹೆಣ್ಣುಮಕ್ಕಳಲ್ಲಿ ಒಟ್ಟಾರೆ ಸಾವು ಹೆಚ್ಚಿರುವುದು ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆ 1992ರಲ್ಲಿ ಆ ಶಿಫಾರಸನ್ನು ಹಿಂತೆಗೆಯಿತು. ಪ್ರತಿಕಾಯದ ಅಂಕಿ ಏರಿದ ಮಾತ್ರಕ್ಕೆ ಲಸಿಕೆ ಒಳ್ಳೆಯದೆಂದು ತೀರ್ಮಾನಿಸಲಾಗದು. ಮಗು ಬದುಕಿತೇ ಎಂದು ಎಣಿಸಬೇಕು.

ಸುರಕ್ಷತೆಯ ಪ್ರಶ್ನೆ ನೀವು ಕೇಳಿದ್ದರಲ್ಲಿ ಹೆಚ್ಚು ತೂಕದ್ದು. ಪ್ರಾಣಿಗಳಲ್ಲಿ ಮತ್ತು ಗರ್ಭಿಣಿಯರಲ್ಲದ ವಯಸ್ಕರಲ್ಲಿ ನೋಡಿದ ಮೇಲಷ್ಟೇ ಲಸಿಕೆ ಗರ್ಭಿಣಿಯರ ಪ್ರಯೋಗಕ್ಕೆ ಬರುತ್ತದೆ. ಬಳಕೆಗೆ ಬಂದ ಮೇಲೆ ಲಕ್ಷಾಂತರ ಹೆರಿಗೆಗಳ ದಾಖಲೆ ನೋಡುತ್ತಾರೆ. ಇಲ್ಲೊಂದು ಬಲೆಯಿದೆ. ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಸುಮ್ಮನೆ ಹೋಲಿಸಿದರೆ, ಪಡೆದವರಲ್ಲಿ ಅವಧಿಪೂರ್ವ ಹೆರಿಗೆ ಕಡಿಮೆ ಕಾಣುತ್ತದೆ. ಕಾರಣ ಲಸಿಕೆಯಲ್ಲ. 34ನೇ ವಾರದಲ್ಲಿ ಲಸಿಕೆ ಪಡೆದವಳು ಅಲ್ಲಿಯವರೆಗೆ ಹೆತ್ತಿರಲಿಲ್ಲ ಎಂಬುದು ಮೊದಲೇ ಖಚಿತ. 31ನೇ ವಾರಕ್ಕೆ ಹೆತ್ತವಳಿಗೆ ಲಸಿಕೆಯ ಸರದಿಯೇ ಬರಲಿಲ್ಲ, ಅವಳು ಪಡೆಯದವರ ಪಟ್ಟಿಗೆ ಸೇರಿದಳು. ಆದ್ದರಿಂದ ಒಳ್ಳೆಯ ಅಧ್ಯಯನಗಳು, ಒಬ್ಬಳು ಲಸಿಕೆ ಪಡೆದ ವಾರದಲ್ಲಿ ಇನ್ನೂ ಗರ್ಭಿಣಿಯಾಗಿದ್ದು ಲಸಿಕೆ ಪಡೆಯದ ಇನ್ನೊಬ್ಬಳನ್ನೇ ಜೋಡಿಯಾಗಿ ತೆಗೆದುಕೊಳ್ಳುತ್ತವೆ. ಯಾವುದೇ ಅಧ್ಯಯನದ ಸುದ್ದಿ ಓದಿದಾಗ ಮೊದಲು ಇದನ್ನು ಹುಡುಕಿ. ಲಾಭ ಹೇಳುವ ವರದಿಯಾಗಲಿ, ಹಾನಿ ಹೇಳುವ ವರದಿಯಾಗಲಿ, ಒರೆಗಲ್ಲು ಇದೇ.

ಎಚ್ಚರಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಆರ್‌ಎಸ್‌ವಿ ಸಾಕ್ಷಿ. ಇದು ಎಳೆಯ ಮಕ್ಕಳ ಶ್ವಾಸನಾಳಗಳನ್ನು ಕಟ್ಟಿಸುವ ವೈರಸ್. 1960ರ ದಶಕದಲ್ಲಿ ಫಾರ್ಮಲಿನ್‌ನಿಂದ ಕೊಂದ ವೈರಸ್ಸಿನ ಲಸಿಕೆಯನ್ನು ಶಿಶುಗಳಿಗೆ ಹಾಕಿದರು. ಆಮೇಲೆ ಸೋಂಕು ತಗುಲಿದಾಗ ಒಂದು ಪ್ರಯೋಗದಲ್ಲಿ ಲಸಿಕೆ ಪಡೆದವರಲ್ಲಿ ಶೇ. 80ರಷ್ಟು ಮಕ್ಕಳು ಆಸ್ಪತ್ರೆ ಸೇರಿದರು, ಇಬ್ಬರು ಸತ್ತರು. ದಶಕಗಳ ಕಾಲ ಈ ಕ್ಷೇತ್ರ ಹಿಂಜರಿಯಿತು. ಕೋಶಕ್ಕೆ ಬೆಸೆದುಕೊಳ್ಳುವ ಮುನ್ನ ವೈರಸ್ಸಿನ ಎಫ್ ಪ್ರೋಟೀನು ತಳೆಯುವ ಆಕಾರ 2013ರಲ್ಲಿ ಬಯಲಾಗಿ, ಅದೇ ಆಕಾರದಲ್ಲಿ ಅದನ್ನು ನಿಲ್ಲಿಸಿಟ್ಟಾಗ ದಾರಿ ತೆರೆಯಿತು. ಈ ಬಾರಿ ಲಸಿಕೆ ಕೊಟ್ಟದ್ದು ತಾಯಿಗೆ. 2023ರಲ್ಲಿ ಪ್ರಕಟವಾದ, 7,300ಕ್ಕೂ ಹೆಚ್ಚು ಗರ್ಭಿಣಿಯರಿದ್ದ ಫೈಜರ್ ಪ್ರಯೋಗದಲ್ಲಿ ಮಗುವಿನ ಮೊದಲ 90 ದಿನಗಳ ತೀವ್ರ ಕಾಯಿಲೆ ಶೇ. 82ರಷ್ಟು ತಗ್ಗಿತು. ಇದೇ ಬಗೆಯ ಜಿಎಸ್‌ಕೆ ಲಸಿಕೆಯ ಪ್ರಯೋಗದಲ್ಲಿ ಮಾತ್ರ ಅವಧಿಪೂರ್ವ ಹೆರಿಗೆ ಲಸಿಕೆಯ ಗುಂಪಿನಲ್ಲಿ ಶೇ. 6.8, ಲಸಿಕೆ ಪಡೆಯದ ಗುಂಪಿನಲ್ಲಿ ಶೇ. 4.9 ಬಂತು, 2022ರಲ್ಲಿ ಅದನ್ನು ನಿಲ್ಲಿಸಿದರು. ಫೈಜರ್ ಲಸಿಕೆಯಲ್ಲಿ ಅಂತರ ಚಿಕ್ಕದು, ಆಕಸ್ಮಿಕವೂ ಇರಬಹುದಾದಷ್ಟು. ಆದರೂ ಅಮೆರಿಕ ಅದನ್ನು 32ರಿಂದ 36ನೇ ವಾರಕ್ಕೆ ಸೀಮಿತಗೊಳಿಸಿತು. ಆ ಹೊತ್ತಿಗೆ ಬೇಗ ಹೆರಿಗೆಯಾದರೂ ಮಗುವಿಗೆ ಅಪಾಯ ಕಡಿಮೆ.

ಈಗ ನಿಮ್ಮ ಮನೆಯ ವಿಷಯ. ನಾಯಿಕೆಮ್ಮಿನ ಲಸಿಕೆ ಈ ಬಸಿರಿನಲ್ಲೂ ಬೇಕು. ಅದರ ಪ್ರತಿಕಾಯ ಒಂದೆರಡು ವರ್ಷದಲ್ಲೇ ಸಾಕಷ್ಟು ಇಳಿದಿರುತ್ತದೆ, ಹಿಂದಿನ ಡೋಸ್ ಈ ಮಗುವಿಗೆ ಆಗುವುದಿಲ್ಲ. 29ನೇ ವಾರ ಒಳ್ಳೆಯ ಸಮಯ, ಮುಂದೂಡಬೇಡಿ. ಅದೇ ಚುಚ್ಚುಮದ್ದಿನಲ್ಲಿ ಧನುರ್ವಾಯುವಿನ ಅಂಶವೂ ಇರುತ್ತದೆ; ತಾಯಂದಿರ ಲಸಿಕೆ ಮತ್ತು ಶುಚಿಯಾದ ಹೆರಿಗೆಯಿಂದ ನವಜಾತ ಧನುರ್ವಾಯುವಿನ ಸಾವುಗಳು 1988ರಲ್ಲಿದ್ದ ಅಂದಾಜು 7,87,000ದಿಂದ 2018ಕ್ಕೆ 25,000ಕ್ಕೆ ಇಳಿದಿವೆ. ಇನ್‌ಫ್ಲುಯೆಂಜಾ ಲಸಿಕೆಯನ್ನೂ ವೈದ್ಯರಲ್ಲಿ ಕೇಳಿ: ಆರು ತಿಂಗಳೊಳಗಿನ ಮಗುವಿಗೆ ಅದನ್ನು ಹಾಕುವಂತಿಲ್ಲ, ತಾಯಿಯಿಂದ ಬರುವುದೊಂದೇ ದಾರಿ. ದಡಾರ ಮತ್ತು ರುಬೆಲ್ಲಾ ಲಸಿಕೆಗಳು ಜೀವಂತವಾದ್ದರಿಂದ ಬಸಿರಿನಲ್ಲಿ ಬೇಡ. ರುಬೆಲ್ಲಾ ರಕ್ಷಣೆ ಇಲ್ಲವೆಂದಾದರೆ ಹೆರಿಗೆಯಾದ ಮೇಲೆ ಹಾಕಿಸಿ, ಮೊಲೆಯೂಡಿಸುವುದು ಅದಕ್ಕೆ ಅಡ್ಡಿಯಲ್ಲ.

ಮಗುವಿನ ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಇರಲಿ. ತಡವಾದರೆ ಮೊದಲಿಂದ ಶುರುಮಾಡುವ ಅಗತ್ಯವಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಮಗು ಅವಧಿಗೆ ಮುನ್ನ ಹುಟ್ಟಿದರೂ ವಾರಗಳನ್ನು ಎಣಿಸಬೇಕಾದದ್ದು ಹುಟ್ಟಿದ ದಿನದಿಂದ; ವೈದ್ಯರು ಕೊಟ್ಟಿದ್ದ ಹೆರಿಗೆಯ ದಿನಾಂಕದಿಂದ ಎಣಿಸಿ ತಡಮಾಡಬೇಡಿ. ಕೈಗಡ ಕಡಿಮೆ ಸಿಕ್ಕಿರುವ ಆ ಮಗುವಿಗೆ ಮೊದಲ ಡೋಸ್ ಸಮಯಕ್ಕೆ ಸರಿಯಾಗಿ ಬೀಳುವುದು ಇನ್ನಷ್ಟು ಅಗತ್ಯ.

– ಸಂಪಾದಕರು