ಮೊದಲು ಅತ್ತೆಯ ಮೊಣಕಾಲು, ಆಮೇಲೆ ಪುಣೆ

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಹುಬ್ಬಳ್ಳಿಯವಳು, 37 ವರ್ಷ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಸೇರಿದ್ದು ಕೋವಿಡ್ ಟೈಮಲ್ಲಿ, ಅವತ್ತಿನಿಂದ ಮನೆಯಿಂದಲೇ ಮಾಡುತ್ತಿದ್ದೇನೆ. ನಾಲ್ಕು ವರ್ಷ ಐದು ತಿಂಗಳಾಯಿತು. ಈಗ ಬೆಂಗಳೂರಿನ ಆಫೀಸ್ ಮುಚ್ಚಿ ಎಲ್ಲರನ್ನೂ ಪುಣೆಗೆ ಕರೆಯುತ್ತಿದ್ದಾರೆ. ಜನವರಿ 15ರೊಳಗೆ ಹಾಜರಾಗದಿದ್ದರೆ ನೀವಾಗಿಯೇ ಕೆಲಸ ಬಿಟ್ಟಂತೆ ಅಂತ ಮೇಲ್ ಬಂದಿದೆ. ಕೈಗೆ 62,000 ಬರುತ್ತದೆ, ಬೇಸಿಕ್ 34,000. ನಮ್ಮ ಮನೆಯವರದು ದುರ್ಗದಬೈಲ್ ಹತ್ತಿರ ಮೋಟರ್ ರಿವೈಂಡಿಂಗ್ ಅಂಗಡಿ, ತಿಂಗಳಿಗೆ 30,000 ಉಳಿಯುತ್ತದೆ. ಮಗಳು ಎಂಟನೇ ಕ್ಲಾಸ್, ಸ್ಟೇಟ್ ಸಿಲಬಸ್. ಅತ್ತೆಗೆ ಮೊಣಕಾಲಿನ ಆಪರೇಷನ್ ಮಾಡಿಸಿ ಅಂತ ಡಾಕ್ಟರ್ ವರ್ಷದಿಂದ ಹೇಳುತ್ತಿದ್ದಾರೆ. ನಾವೇ ಮುಂದೆ ಹಾಕುತ್ತಾ ಬಂದಿದ್ದೇವೆ. ಅವರ ಹೆಸರು ನನ್ನ ಕಂಪನಿಯ ಇನ್ಶೂರೆನ್ಸ್‌ನಲ್ಲಿದೆ. ಪುಣೆಯಲ್ಲಿ ವಿಚಾರಿಸಿದೆ, ಎರಡು ಬೆಡ್‌ರೂಮಿನ ಮನೆಗೆ 26,000 ಬಾಡಿಗೆ, ಪಿಜಿಗೆ ಊಟ ಸೇರಿ 12,000. ನಮ್ಮವರು ‘ನಿನ್ನಿಷ್ಟ’ ಅಂತಾರೆ. ಅದು ಇನ್ನೂ ಕಷ್ಟ. ಹೋಗಲಾ, ಬಿಡಲಾ? ಕಾನೂನು ನನ್ನ ಪರ ಇಲ್ವಾ?

ಉತ್ತರ: ‘ನಿನ್ನಿಷ್ಟ’ ಅಂದವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾನೂನು, ಯಾಕೆಂದರೆ ಅದು ಬೇಗ ಮುಗಿಯುತ್ತದೆ. ನಿಮ್ಮ ಆಫರ್ ಲೆಟರ್ ತೆಗೆದು ನೋಡಿ, ಕೊನೆಯ ಪುಟದ ಕಡೆ ‘ಕಂಪನಿ ನಿಮ್ಮನ್ನು ಭಾರತದಲ್ಲಿ ಎಲ್ಲಿಗೆ ಬೇಕಾದರೂ ವರ್ಗ ಮಾಡಬಹುದು’ ಅಂತ ಒಂದು ಸಾಲು ಇರುತ್ತದೆ. ಹತ್ತರಲ್ಲಿ ಒಂಬತ್ತು ಪತ್ರಗಳಲ್ಲಿ ನಾನೇ ಅದನ್ನು ಟೈಪ್ ಮಾಡಿಸಿದ್ದೇನೆ, ಹದಿನೆಂಟು ವರ್ಷ ಎಚ್‌ಆರ್‌ನಲ್ಲಿ ಇದ್ದವಳು. ಆ ಸಾಲು ಇದ್ದರೆ, ದ್ವೇಷಕ್ಕೆ ವರ್ಗ ಮಾಡಿದ್ದಾರೆ ಅಂತ ತೋರಿಸಲಾಗದೆ ಇದ್ದರೆ, ಕೋರ್ಟ್ ಸಾಮಾನ್ಯವಾಗಿ ವರ್ಗಾವಣೆ ಅನ್ನೋದು ನೌಕರಿಯ ಒಂದು ಭಾಗ ಅಂತಲೇ ನೋಡುತ್ತದೆ. ನಿಮ್ಮ ಪತ್ರದಲ್ಲಿ ಕೆಲಸದ ಜಾಗ ಹುಬ್ಬಳ್ಳಿ ಅಂತಲೋ, ಶಾಶ್ವತವಾಗಿ ಮನೆಯಿಂದ ಅಂತಲೋ ಇದ್ದರೆ ಮಾತ್ರ ಒಬ್ಬ ವಕೀಲರಿಗೆ ತೋರಿಸಿ. ಇಲ್ಲದಿದ್ದರೆ ಆ ದಾರಿಯಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಈಗ ಅಸಲಿ ವಿಷಯ. ನೀವು ‘ಹೋಗಲಾ, ಬಿಡಲಾ’ ಅಂತ ಕೇಳಿದ್ದೀರಿ. ಅದು ಕಂಪನಿಯ ಪ್ರಶ್ನೆ. ನಿಮ್ಮ ಪತ್ರ ಎರಡು ಸಲ ಓದಿದೆ, ನನಗೆ ಅದರಲ್ಲಿ ಕಂಡದ್ದು ನಿಮ್ಮ ಮನೆಗೇ ಸೇರಿದ ಮೂರು ದಿನಾಂಕಗಳು. ಮೂರೂ ಜನವರಿ 15 ಅಲ್ಲ.

ಒಂದು, ಅತ್ತೆಯ ಮೊಣಕಾಲು. ನೀವು ಕೆಲಸ ಬಿಟ್ಟ ದಿನ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಅವರಿಗೂ ನಿಲ್ಲುತ್ತದೆ. ಆಮೇಲೆ ಸ್ವಂತಕ್ಕೆ ಪಾಲಿಸಿ ಮಾಡಿಸಿದರೆ, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, 2024ರಲ್ಲಿ ನಾಲ್ಕಿದ್ದದ್ದನ್ನು ಮೂರಕ್ಕೆ ಇಳಿಸಿದರು ಅಷ್ಟೇ. ಅಲ್ಲಿವರೆಗೆ ಆ ಮೊಣಕಾಲು ಕಾಯುತ್ತಾ? ಆದ್ದರಿಂದ ಈ ವಾರವೇ ಡಾಕ್ಟರ ಹತ್ತಿರ ಹೋಗಿ ಡಿಸೆಂಬರ್ ಮೊದಲ ವಾರಕ್ಕೆ ಡೇಟ್ ಕೇಳಿ. ಪ್ಲಾನ್ ಮಾಡಿ ಮಾಡಿಸುವ ಆಪರೇಷನ್‌ಗೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಮುಂಚೆಯೇ ಕಾಗದ ಕೊಟ್ಟು ಒಪ್ಪಿಗೆ ತರಿಸಬಹುದು. ಕ್ಯಾಷ್‌ಲೆಸ್ ಆಗುತ್ತಾ, ಎಷ್ಟರವರೆಗೆ, ಅತ್ತೆ-ಮಾವನಿಗೆ ಕೈಯಿಂದ ಇಷ್ಟು ಕೊಡಬೇಕು ಅಂತ ಏನಾದರೂ ಇದೆಯಾ, ಎಲ್ಲ ಬರೆದು ಕೇಳಿ. ಮೊದಲ ತಿಂಗಳು ಅವರನ್ನು ಎಬ್ಬಿಸಿ ನಡೆಸೋಕೆ ಒಬ್ಬರು ಪಕ್ಕದಲ್ಲೇ ಬೇಕು, ಆಗ ನೀವು ಇನ್ನೂ ಮನೆಯಲ್ಲೇ ಇರುತ್ತೀರಿ. ಮುಂದೆ ಎಂದಾದರೂ ಕೆಲಸ ಬಿಡುವುದೇ ಆದರೆ, ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗೋಕೆ ದಾರಿ ಇದೆಯಾ ಅಂತ ಬಿಡುವ ಮೊದಲೇ ಕೇಳಿ. ಬಿಟ್ಟ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಎರಡು, ಜೂನ್. ಆಗ ನಿಮಗೆ ಐದು ವರ್ಷ ತುಂಬುತ್ತದೆ. ಖಾಯಂ ನೌಕರರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗೋದು ಐದು ವರ್ಷ ಆದ ಮೇಲೆ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಲೆಕ್ಕ. 34,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಿ. ಸುಮಾರು 98,000. ಜನವರಿಯಲ್ಲಿ ಸಿಟ್ಟಿಗೆ ಬಿಟ್ಟು ಬಂದರೆ ಸೊನ್ನೆ. ಪಿಎಫ್ ಕೂಡ ಹಾಗೇ, ಐದು ವರ್ಷಕ್ಕೆ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಅದನ್ನು ಮುಟ್ಟಲೇಬೇಡಿ, ಯುಎಎನ್ ಅನ್ನೋ ನಿಮ್ಮ ಪಿಎಫ್ ನಂಬರ್ ಜೊತೆ ಮುಂದಿನ ಕಂಪನಿಗೆ ವರ್ಗವಾಗುತ್ತದೆ.

ಮೂರು, ಏಪ್ರಿಲ್. ಮಗಳನ್ನು ವರ್ಷದ ಮಧ್ಯ ಕಿತ್ತು ಕರೆದುಕೊಂಡು ಹೋಗುವ ಮಾತೇ ಬೇಡ. ಏಪ್ರಿಲ್ ಆದ ಮೇಲೂ ನಾನಾಗಿದ್ದರೆ ಕರೆದುಕೊಂಡು ಹೋಗುತ್ತಿರಲಿಲ್ಲ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆ ಪ್ರಕಾರ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಒಂಬತ್ತನೇ ಕ್ಲಾಸಿನ ಹುಡುಗಿ ಅದನ್ನು ಮೊದಲಿನಿಂದ ಶುರು ಮಾಡಬೇಕು. ಹುಬ್ಬಳ್ಳಿ ಮಕ್ಕಳಿಗೆ ಮರಾಠಿ ಕಿವಿಗೆ ಬಿದ್ದಿರುತ್ತದೆ, ನಿಜ. ಪರೀಕ್ಷೆಗೆ ಬರೆಯೋದು ಬೇರೆ. ಇನ್ನೊಂದು ಇದೆ, ತುಂಬಾ ಜನ ತಡವಾಗಿ ತಿಳಿದುಕೊಂಡು ಕೈ ಕೈ ಹಿಸುಕಿಕೊಳ್ಳುವಂಥದ್ದು. ನಮ್ಮ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಹೆಚ್ಚಿನ ಮಕ್ಕಳು ಬರುವ ನಿಯಮ ಏನೆಂದರೆ, ಒಂದನೇ ಕ್ಲಾಸಿನಿಂದ ದ್ವಿತೀಯ ಪಿಯುಸಿ ಒಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಇಲ್ಲವೇ ದ್ವಿತೀಯ ಪಿಯುಸಿ ಇಲ್ಲಿಂದ ಪಾಸಾಗಿರಬೇಕು. ನಿಮ್ಮ ಮಗಳಿಗೆ ಏಳು ವರ್ಷ ಆಗಿದೆ. ಹತ್ತೂ ಹನ್ನೆರಡೂ ಎರಡನ್ನೂ ಪುಣೆಯಲ್ಲಿ ಮುಗಿಸಿದರೆ ಎರಡನೇ ಷರತ್ತು ತಪ್ಪುತ್ತದೆ.

ದುಡ್ಡಿನ ಲೆಕ್ಕ ನೀವು ಮಾಡಿಲ್ಲ, ಮಾಡೋಣ. ಈಗ ಮನೆಗೆ ಬರೋದು 92,000. ಎಲ್ಲರೂ ಪುಣೆಗೆ ಹೋದರೆ ಅಂಗಡಿಯ 30,000 ಹೋಯಿತು, ಬಾಡಿಗೆಗೆ 26,000 ಹೋಯಿತು, ಉಳಿದದ್ದು 36,000. ಅದರಲ್ಲೇ ಸ್ಕೂಲ್ ಫೀಸ್, ರೇಷನ್, ಔಷಧಿ. ಶುರುವಿನಲ್ಲಿ ಡಿಪಾಸಿಟ್, ಬ್ರೋಕರ್‌ಗೆ ಒಂದು ತಿಂಗಳಿನದು, ಅಗ್ರಿಮೆಂಟ್ ರಿಜಿಸ್ಟ್ರೇಷನ್ ಖರ್ಚು ಬೇರೆ. ಅಲ್ಲಿ ಬಾಡಿಗೆ ಕರಾರು ರಿಜಿಸ್ಟರ್ ಆಗಲೇಬೇಕು, ನಮ್ಮಲ್ಲಿನ ಥರ ಬರೀ ಸ್ಟಾಂಪ್ ಪೇಪರಲ್ಲಿ ಮುಗಿಸೋ ಹಾಗಿಲ್ಲ. ನೀವೊಬ್ಬರೇ ಹೋದರೆ? ಪಿಜಿ 12,000, ತಿಂಗಳಿಗೆ ಎರಡು ಸಲ ಸ್ಲೀಪರ್ ಬಸ್ಸಿಗೆ 5,000 ಅಂದುಕೊಳ್ಳಿ, ಬೆಳಿಗ್ಗೆ ಅಡಿಗೆಗೆ ಬರುವವರಿಗೆ 6,000. ಆದರೂ 69,000 ಉಳಿಯುತ್ತದೆ. ಹೆಚ್ಚುಕಮ್ಮಿ ಡಬಲ್. ವಂದೇ ಭಾರತ್ ಇದೆಯಲ್ಲಾ ಅಂತ ಯಾರಾದರೂ ಹೇಳಬಹುದು, 2024ರಿಂದ ಹುಬ್ಬಳ್ಳಿ–ಪುಣೆ ಓಡುತ್ತಿದೆ, ಆದರೆ ಅದು ಹಗಲು ಗಾಡಿ, ಶುಕ್ರವಾರ ಆಫೀಸ್ ಮುಗಿಸಿ ಹತ್ತೋಕೆ ಆಗಲ್ಲ.

ಹಾಗಾಗಿ ನನ್ನ ಮಾತು ಇಷ್ಟು: ರಾಜೀನಾಮೆ ಬರೆಯಬೇಡಿ, ಮನೆ ಖಾಲಿ ಮಾಡಬೇಡಿ. ಒಬ್ಬರೇ ಹೋಗಿ, ಜೂನ್ ದಾಟಿಸಿ. ಅಷ್ಟರಲ್ಲಿ ಹುಬ್ಬಳ್ಳಿ-ಧಾರವಾಡದಲ್ಲೋ, ಮನೆಯಿಂದ ಮಾಡುವಂಥದ್ದೋ ಬೇರೆ ಕೆಲಸ ನೋಡುತ್ತಾ ಇರಿ. ಕೈಯಲ್ಲಿ ಕೆಲಸ ಇಟ್ಟುಕೊಂಡು ಹುಡುಕುವವರಿಗೆ ಸಿಗುವ ಸಂಬಳವೇ ಬೇರೆ.

ಹೋಗುವ ಮೊದಲು ಒಂದು ಮೇಲ್ ಮಾಡಿ. ಫೋನ್ ಬೇಡ, ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ ಫೋನಲ್ಲಿ ಒಪ್ಪಿದ್ದು ಮುಂದಿನ ತಿಂಗಳಿಗೆ ಯಾರಿಗೂ ನೆನಪಿರಲ್ಲ. ‘ವರ್ಗಾವಣೆಗೆ ನಾನು ಒಲ್ಲೆ ಅಂದಿಲ್ಲ’ ಅನ್ನೋ ಸಾಲು ಮೊದಲು ಬರಲಿ, ಅವರು ‘ನೀವಾಗಿಯೇ ಬಿಟ್ಟಂತೆ’ ಅನ್ನೋದಕ್ಕೆ ಅದೇ ಉತ್ತರ. ಆಮೇಲೆ ಮನೆಯಲ್ಲಿ ಆಪರೇಷನ್ ಆಗಿದೆ, ಮಗಳ ಪರೀಕ್ಷೆ ಇದೆ, ಏಪ್ರಿಲ್ ಮಧ್ಯದವರೆಗೆ ತಿಂಗಳಿಗೆ ಒಂದು ವಾರ ಪುಣೆಗೆ ಬರುತ್ತೇನೆ, ಆಮೇಲೆ ಪೂರ್ತಿ ಬರುತ್ತೇನೆ ಅಂತ ಕೇಳಿ. ಸ್ಥಳಾಂತರದ ಖರ್ಚು ಎಷ್ಟು ಕೊಡುತ್ತೀರಿ ಅಂತಲೂ ಕೇಳಿ. ಪೂರ್ತಿ ಕೊಡಲ್ಲ ಅನ್ನಬಹುದು. ಆದರೆ ಫೆಬ್ರವರಿ ಕೊನೆವರೆಗೆ ಅಂತಾದರೂ ಮುಂದೆ ಹೋಗುತ್ತದೆ, ಕೇಳದವರಿಗೆ ಅದೂ ಇಲ್ಲ. ನಾವು ಮೇಜಿನ ಈ ಕಡೆ ಕೂತವರು ಕೇಳಿದವರಿಗೆ ಕೊಟ್ಟಿದ್ದೇವೆ, ಸುಮ್ನೆ ಇದ್ದವರಿಗೆ ಕೊಟ್ಟಿಲ್ಲ.

ನಾನೂ ಒಮ್ಮೆ ಆ ಕಡೆ ಕೂತಿದ್ದೆ. 2009ರಲ್ಲಿ ಆಗಿನ ಕಂಪನಿ ಚೆನ್ನೈಗೆ ಹೋಗಿ ಅಂದಾಗ ಹತ್ತೇ ದಿನದಲ್ಲಿ ಮನೆಯೆಲ್ಲ ಲಾರಿಗೆ ಹಾಕಿಸಿದೆ, ದೊಡ್ಡ ಗ್ರೈಂಡರ್ ಸಮೇತ. ಹದಿನಾಲ್ಕು ತಿಂಗಳಿಗೆ ಆ ತಂಡವನ್ನೇ ಮುಚ್ಚಿದರು. ಗ್ರೈಂಡರ್ ವಾಪಸ್ ಬಂತು, ಕಲ್ಲು ಸೀಳಿತ್ತು. ಹೋಗುವ ಲಾರಿಗೆ ಕಂಪನಿ ದುಡ್ಡು, ಬರುವ ಲಾರಿಗೆ ನಮ್ಮದು.

ಇನ್ನು ‘ನಿನ್ನಿಷ್ಟ’. ಅವರು ಒಳ್ಳೆ ಮನಸ್ಸಿಂದಲೇ ಅಂದಿರಬಹುದು. ಆದರೆ ಇಪ್ಪತ್ತು ವರ್ಷದ ಗಿರಾಕಿಗಳಿರುವ ಅಂಗಡಿಯನ್ನು ಪುಣೆಗೆ ಎತ್ತಿಕೊಂಡು ಹೋಗೋಕೆ ಆಗಲ್ಲ, ಅದು ಅವರಿಗೂ ಗೊತ್ತು, ಬಾಯಿಬಿಟ್ಟು ಹೇಳುತ್ತಿಲ್ಲ. ಒಂದು ಭಾನುವಾರ ಮೇಲಿನ ಲೆಕ್ಕವನ್ನು ಹಾಳೆಯಲ್ಲಿ ಬರೆದು ಅವರ ಮುಂದೆ ಇಡಿ. ನೀವು ಪುಣೆಯಲ್ಲಿರುವಾಗ ಮಗಳ ಟ್ಯೂಷನ್, ಅತ್ತೆಯ ಫಿಸಿಯೋಥೆರಪಿ, ರಾತ್ರಿ ಅಡಿಗೆ ಯಾರದು ಅಂತ ಹೆಸರು ಹಿಡಿದು ಕೇಳಿ. ಅಲ್ಲಿ ‘ನಿನ್ನಿಷ್ಟ’ ನಡೆಯಲ್ಲ.

ಪ್ರಶ್ನೆ: ನಾನು ಸಾಗರದ ಹುಡುಗ, 24 ವರ್ಷ, ಬೆಂಗಳೂರಲ್ಲಿ ಕೆಲಸ. ಗುರುಗ್ರಾಮಕ್ಕೆ ಹಾಕಿದ್ದಾರೆ, ಸಂಬಳ ಸ್ವಲ್ಪ ಜಾಸ್ತಿ. ಅಮ್ಮ ಅಳುತ್ತಾರೆ, ಹಿಂದಿ ಅಷ್ಟಕ್ಕಷ್ಟೆ. ಬೈಕ್ ಬೇರೆ ಹೊಸದು. ಏನು ಮಾಡಲಿ?

ಉತ್ತರ: ಹೋಗು ಮಾರಾಯ. ಬಾಡಿಗೆ ಮನೆ, ಒಂದು ಬ್ಯಾಗು, ಸಾಲ ಇಲ್ಲ, ಇಂಥ ವಯಸ್ಸು ಮತ್ತೆ ಬರಲ್ಲ. ಅಮ್ಮ ಬೆಂಗಳೂರಿಗೆ ಬರುವಾಗಲೂ ಅತ್ತಿರುತ್ತಾರೆ, ಅಲ್ವಾ?

ಎರಡು ವಿಷಯ ಮಾತ್ರ ನೋಡಿಕೋ. ಸ್ಥಳಾಂತರದ ಭತ್ಯೆ ಕೊಡುವ ಕಾಗದದಲ್ಲಿ ‘ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು’ ಅಂತ ಇರುತ್ತದೆ, ಆ ದುಡ್ಡನ್ನು ಪೂರ್ತಿ ಖರ್ಚು ಮಾಡಬೇಡ. ಸಂಬಳ ಎಷ್ಟು ಜಾಸ್ತಿ ಅಂತ ಬರೆದಿಲ್ಲ, ಬಾಡಿಗೆ ಕಳೆದು ನೋಡು. ಬೈಕನ್ನು ರೈಲಿಗೆ ಹಾಕಿ ಕಳಿಸುವ ಉತ್ಸಾಹ ಬೇಡ. ಕೆಎ ನಂಬರಿನ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿ ಮತ್ತೆ ರಿಜಿಸ್ಟರ್ ಮಾಡಿಸಬೇಕು, ಎನ್‌ಒಸಿ, ಅಲ್ಲಿನ ತೆರಿಗೆ, ಇಲ್ಲಿ ಕಟ್ಟಿದ್ದನ್ನು ವಾಪಸ್ ಕೇಳೋಕೆ ಅಲೆದಾಟ. ಸಾಗರದ ಮನೆಯಲ್ಲೇ ಇರಲಿ, ತಿಂಗಳಿಗೊಮ್ಮೆ ಅಪ್ಪ ಸ್ಟಾರ್ಟ್ ಮಾಡಲಿ. ಮಲೆನಾಡಿನವನಿಗೆ ಮಳೆ ಗೊತ್ತು, ಅಲ್ಲಿನ ಜನವರಿ ಗೊತ್ತಿಲ್ಲ, ದಪ್ಪ ಹೊದಿಕೆಗೆ, ಅಲ್ಲಿನವರ ರಜಾಯಿಗೆ, ದುಡ್ಡು ಇಟ್ಟುಕೋ. ಕನ್ನಡ ಕೇಳಬೇಕು ಅನ್ನಿಸಿದರೆ ದೆಹಲಿ ಕರ್ನಾಟಕ ಸಂಘ ಆರ್.ಕೆ. ಪುರಂನಲ್ಲಿದೆ, ರಾಜ್ಯೋತ್ಸವಕ್ಕೆ ಒಮ್ಮೆ ಹೋಗಿ ಬಾ.

ಪ್ರಶ್ನೆ: ಮೇಡಂ, ಮೈಸೂರಲ್ಲಿ ಸ್ವಂತ ಮನೆ. ಪತ್ನಿಯನ್ನು ಬೆಂಗಳೂರು ಆಫೀಸಿಗೆ ಹಾಕಿದ್ದಾರೆ, ವಾರಕ್ಕೆ ಮೂರು ದಿನ ಹೋಗಬೇಕು. ಆಫೀಸ್ ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ನಾಲ್ಕು ಸ್ಟಾಪ್. ದಿನಾ ಓಡಾಡಬಹುದಾ, ಅಲ್ಲೇ ಮನೆ ಮಾಡೋದಾ? ಸ್ಕೂಟರಲ್ಲಿ ಹೋಗ್ತೀನಿ ಅಂತಾಳೆ.

ಉತ್ತರ: ಸ್ಕೂಟರ್ ಮಾತು ಬಿಡಿ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಬಿಡುವುದಿಲ್ಲ, ಸರ್ವೀಸ್ ರೋಡಲ್ಲಿ ಅಷ್ಟು ದೂರ ಹೋಗೋದು ಹುಚ್ಚು. ಮೂರೇ ದಿನ, ಅದೂ ಆಫೀಸ್ ಮೆಟ್ರೋ ಪಕ್ಕ ಅಂದರೆ ರೈಲೇ ಸರಿ. ಸೀಸನ್ ಪಾಸ್ 150 ಕಿಲೋಮೀಟರ್‌ವರೆಗೆ ಕೊಡುತ್ತಾರೆ, ಮೈಸೂರು–ಬೆಂಗಳೂರು ಅದರ ಒಳಗೇ ಬರುತ್ತದೆ. ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಿಗ್ಗೆ ಹತ್ತಿ ನೋಡಿ, ಅರ್ಧ ಬೋಗಿ ಪಾಸಿನವರೇ, ಹೆಣ್ಣುಮಕ್ಕಳ ಗುಂಪೂ ಇರುತ್ತದೆ. ಮನೆ ಬಾಗಿಲಿನಿಂದ ಆಫೀಸ್ ಬಾಗಿಲಿಗೆ ಎಷ್ಟು ಹೊತ್ತು ಅಂತ ಮೊದಲ ತಿಂಗಳು ಬರೆದಿಡೋಕೆ ಹೇಳಿ. ಒಂದು ಕಡೆಗೆ ಮೂರೂವರೆ ಗಂಟೆ ದಾಟಿದರೆ ವಾರಕ್ಕೊಂದು ರಾತ್ರಿ ಅಲ್ಲೇ ನಂಟರ ಮನೆಯಲ್ಲೋ ಪಿಜಿಯಲ್ಲೋ ಉಳಿಯಲಿ. ಆ ಮೂರು ದಿನ ಬೆಳಿಗ್ಗೆ ಐದಕ್ಕೆ ಎದ್ದು ಅವರ ಡಬ್ಬಿ ಕಟ್ಟುವವರು ಯಾರು ಅಂತ ನಿಮ್ಮ ಪತ್ರದಲ್ಲಿ ಇಲ್ಲ.